ಪಿ.ಪಿ. ನಂಬರಿನಿಂದ ಹಾಟ್‌ಸ್ಪಾಟ್‌ವರೆಗೆ: ಒಂದೇ ಲೈನು, ಹಲವು ಮನೆ

ಭಾನುವಾರ ಪೂಜೆ ಮುಗಿದು ಹೊರಗೆ ಬಂದರೆ, ಬೇವಿನ ಮರದ ಕೆಳಗೆ ನಿಂತ ಹುಡುಗರಲ್ಲಿ ಒಬ್ಬನಾದರೂ “ಅಣ್ಣಾ, ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡ್ರಿ, ನಂದು ಡೇಟಾ ಮುಗದದ” ಅನ್ನುತ್ತಾನೆ. ನಾನು ಆನ್ ಮಾಡುತ್ತೇನೆ. ಎರಡು ನಿಮಿಷದಲ್ಲಿ ನಾಲ್ಕು ಮಂದಿ ನನ್ನ ಫೋನಿಗೆ ಅಂಟಿಕೊಂಡಿರುತ್ತಾರೆ. ಕಳೆದ ತಿಂಗಳು ಅವರಲ್ಲೊಬ್ಬ ಕೇಳಿದ: “ಅಣ್ಣಾ, ನಿಮ್ಮ ಕಾಲದಾಗ ಇದೆಲ್ಲಾ ಇರಲಿಲ್ಲಲ್ಲಾ, ಹ್ಯಾಂಗ ಮಾಡ್ತಿದ್ರಿ?” ಇತ್ತಪ್ಪಾ ಅಂದೆ. ಆದರೆ ಜೇಬಿನಲ್ಲಿ ಹಿಡಿಸುತ್ತಿರಲಿಲ್ಲ, ಪಡಸಾಲೆಯ ಮೇಜಿನ ಮೇಲೆ ಕೂತಿರುತ್ತಿತ್ತು. ಅದರ ಕತೆಯನ್ನು ನಿಂತ ಜಾಗದಲ್ಲೇ ಹೇಳಿ ಮುಗಿಸಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಿಯ ಯುವಮಿತ್ರರೇ, ಈ ಕತೆಯನ್ನು ಕಂಪ್ಯೂಟರಿನಿಂದಲ್ಲ, ಟೆಲಿಫೋನಿನಿಂದ ಶುರು ಮಾಡಬೇಕು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ 1980ರ ದಶಕದ ಒಂದು ಲಗ್ನಪತ್ರಿಕೆಯೋ ಅಂಗಡಿಯ ವಿಸಿಟಿಂಗ್ ಕಾರ್ಡೋ ಸಿಕ್ಕರೆ ನೋಡಿ. ಫೋನ್ ನಂಬರಿನ ಪಕ್ಕದಲ್ಲಿ “ಪಿ.ಪಿ.” ಎಂದು ಎರಡು ಅಕ್ಷರ ಇರಬಹುದು. ಆ ಅಕ್ಷರಗಳ ವಿಸ್ತರಣೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದರು, ಅರ್ಥ ಮಾತ್ರ ಎಲ್ಲರಿಗೂ ಗೊತ್ತಿತ್ತು: ಈ ಫೋನು ನಮ್ಮದಲ್ಲ, ಪಕ್ಕದ ಮನೆಯವರದು, ಅವರು ನಮ್ಮನ್ನು ಕರೆದುಕೊಡುತ್ತಾರೆ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲ ಅದು. ಓಣಿಗೆ ಒಂದು ಫೋನಿದ್ದರೆ ಇಡೀ ಓಣಿಯ ನಂಬರು ಅದೇ. ದುಬೈಯಿಂದ ಮಗ ಫೋನ್ ಮಾಡಿದರೆ ಫೋನಿದ್ದ ಮನೆಯ ಚಿಕ್ಕ ಹುಡುಗ ಓಡಿ ಹೋಗಿ “ಅತ್ತೀ, ನಿಮಗ ಫೋನ್ ಬಂದದ, ಲಗೂನ ಬರ್ರಿ” ಎಂದು ಕೂಗಬೇಕು. ಅತ್ತಿ ಸೆರಗು ಸರಿಮಾಡಿಕೊಂಡು ಓಡಿ ಬರಬೇಕು. ಅಷ್ಟು ಹೊತ್ತು ಅತ್ತ ಕಡೆ ಮೀಟರ್ ತಿರುಗುತ್ತಲೇ ಇರುತ್ತಿತ್ತು.

ಈ ಪಿ.ಪಿ. ಪದ್ಧತಿಯ ಎರಡು ಗುಣಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ. ಒಂದು, ಹೊರಗೆ ಫೋನ್ ಮಾಡುವುದು ಸುಲಭ: ಪಕ್ಕದ ಮನೆಗೆ ಹೋಗಿ ತಿರುಗಿಸಿದರೆ ಆಯಿತು. ಹೊರಗಿನಿಂದ ಬರುವ ಕರೆಯೇ ಕಷ್ಟ: ಯಾರಿಗೆ ಬಂದಿದೆ ಎಂದು ಕೇಳಿ ಕರೆಯುವವರೊಬ್ಬರು ಇರಬೇಕು. ಎರಡು, ಫೋನಿದ್ದ ಮನೆಯವರು ಬೀಗ ಹಾಕಿಕೊಂಡು ಜಾತ್ರೆಗೆ ಹೋದರೆ ಇಡೀ ಓಣಿಗೆ ಫೋನಿಲ್ಲ.

ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕಿತ್ತು. ನಮ್ಮ ಕಡೆ ಅಂದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು. 1956ರ ಅಕ್ಟೋಬರ್ ಕೊನೆಯವರೆಗೂ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ತಾಲೂಕು, ಪಕ್ಕದ ಕೊಡಂಗಲ್ ಜೊತೆಗೆ, ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ್, ಗುಲ್ಬರ್ಗಾ ಊರುಗಳು ಮೈಸೂರು ರಾಜ್ಯಕ್ಕೆ ಬಂದವು, ಈ ಮೂರೂ ಆಂಧ್ರಪ್ರದೇಶಕ್ಕೆ ಹೋದವು. ಜಹೀರಾಬಾದ್ ತಾಲೂಕಿನಲ್ಲೂ ನಿರ್ಣಾ ಸರ್ಕಲ್ ಈಚೆ ಉಳಿಯಿತು, ಉಳಿದದ್ದು ಆಚೆ. ಜನ ಎಲ್ಲಿದ್ದರೋ ಅಲ್ಲೇ ಇದ್ದರು. ಗೆರೆ ಮಾತ್ರ ಅವರ ನಡುವೆ ಹಾದುಹೋಯಿತು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮತ್ತು ಉರ್ದು, ನಾರಾಯಣಖೇಡದ ಆಚೆ ತುದಿಗೆ ಹೋದರೆ ಮರಾಠಿಯೂ. ಟೆಲಿಫೋನ್ ಇಲಾಖೆಯ ಸರ್ಕಲ್‌ಗಳೂ ಅದೇ ಗೆರೆಯನ್ನು ಹಿಡಿದವು. ಜಹೀರಾಬಾದಿನ ಕೋಡ್ 08451, ತಾಂಡೂರಿನದು 08411, ಬೀದರಿನದು 08482. ಬಸ್ಸಿನಲ್ಲಿ ಒಂದು ತಾಸಿನ ದಾರಿಯಲ್ಲಿರುವ ಸೋದರಮಾವನ ಜೊತೆ ಮಾತನಾಡಲು ಬೇರೊಂದು ರಾಜ್ಯಕ್ಕೆ ಫೋನ್ ಮಾಡಬೇಕು. ಹಾಗಾಗಿ ಒಂದು ಲೈನನ್ನು ಹಲವರು ಹಂಚಿಕೊಳ್ಳುವುದು ನಮಗೆ ಇಂಟರ್ನೆಟ್ ಬಂದ ಮೇಲೆ ಕಲಿತ ವಿದ್ಯೆಯಲ್ಲ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಅದೂ ಮೊದಲಿಗೆ ಕೆಲವೇ ಮಹಾನಗರಗಳಲ್ಲಿ. ಬಹುತೇಕ ಗ್ರಾಹಕರಿಗೆ ಸಿಗುತ್ತಿದ್ದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ವಿದ್ಯಾರ್ಥಿಗಳಿಗೆ ಅಗ್ಗದ ಖಾತೆ ಇತ್ತು, ಅದರಲ್ಲಿ ಚಿತ್ರಗಳು ಕಾಣುತ್ತಿರಲಿಲ್ಲ, ಬರೀ ಅಕ್ಷರ. 1998ರ ಕೊನೆಯಲ್ಲಿ ಖಾಸಗಿ ಕಂಪನಿಗಳಿಗೂ ಅನುಮತಿ ಸಿಕ್ಕಿತು. ಆಮೇಲೆ 172ರಿಂದ ಶುರುವಾಗುವ ನಂಬರುಗಳು ಬಂದವು. ಸಣ್ಣ ಊರಿನವರೂ ಸ್ಥಳೀಯ ಕರೆಯ ದರದಲ್ಲಿ ದೂರದ ಸರ್ವರಿಗೆ ಡಯಲ್ ಮಾಡಬಹುದಾಯಿತು. 2000ದ ಅಕ್ಟೋಬರ್ 1ಕ್ಕೆ ಬಿಎಸ್‌ಎನ್‌ಎಲ್ ಹುಟ್ಟಿತು. ಅಷ್ಟೊತ್ತಿಗೆ ಬಜಾರಿನಲ್ಲಿ ಎಸ್‌ಟಿಡಿ ಬೂತಿನ ಹಳದಿ ಬೋರ್ಡಿನ ಕೆಳಗೆ “ಇಂಟರ್ನೆಟ್” ಎಂಬ ಇನ್ನೊಂದು ಬೋರ್ಡು ಏರುವ ದಿನ ಬಂದಿತ್ತು.

ಈ ಬೂತುಗಳ ಒಳಗೆ ಏನಿತ್ತು ಎಂಬುದೇ ನಮ್ಮ ವಿಷಯ. ನಾಲ್ಕು ಕಂಪ್ಯೂಟರ್, ಒಂದೇ ಫೋನ್ ಲೈನ್, ಒಂದೇ ಮೋಡೆಮ್. ಮೋಡೆಮ್ ಹೊತ್ತ ಒಂದು ಕಂಪ್ಯೂಟರ್ ಮಾಲೀಕನ ಮೇಜಿನ ಮೇಲೆ, ಉಳಿದ ಮೂರು ಪರದೆಯ ಹಿಂದೆ. ಮೂರರಿಂದಲೂ ಬೇಡಿಕೆ ಈ ಒಂದಕ್ಕೆ ಬರುತ್ತಿತ್ತು, ಇದು ಹೊರಗೆ ಹೋಗಿ ತಂದುಕೊಡುತ್ತಿತ್ತು. ಇದಕ್ಕೆ ಮೊದಲು ಬೇರೆಯೇ ಸಾಫ್ಟ್‌ವೇರ್ ಬೇಕಿತ್ತು. ನ್ಯೂಜಿಲೆಂಡಿನಲ್ಲಿ ತಯಾರಾದ ವಿನ್‌ಗೇಟ್ ಆಗ ಹೆಸರುವಾಸಿ. ಲಿನಕ್ಸ್ ಬಲ್ಲವರು ಅದರಲ್ಲೇ ಇದ್ದ “ಐಪಿ ಮಾಸ್ಕರೇಡಿಂಗ್” ಬಳಸುತ್ತಿದ್ದರು. ಮಾಸ್ಕರೇಡ್ ಅಂದರೆ ವೇಷ ಹಾಕುವುದು. ಹಿಂದಿನ ಮೂವರೂ ಮುಂದಿನವನ ವೇಷ ಹಾಕಿಕೊಂಡು ರಂಗಕ್ಕೆ ಬರುತ್ತಾರೆ. ನಮ್ಮ ಬಯಲಾಟದಲ್ಲಿ ಒಬ್ಬನೇ ಮೂರು ಪಾತ್ರ ಹಾಕುವುದುಂಟು, ಇಲ್ಲಿ ಮೂವರು ಸೇರಿ ಒಂದೇ ಪಾತ್ರ.

ಈ ವೇಷ ಯಾಕೆ ಬೇಕಾಯಿತು? ಇಂಟರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು, ಐಪಿ ವಿಳಾಸ. 1981ರಲ್ಲಿ ನಿಗದಿಯಾದ ನಿಯಮದ ಪ್ರಕಾರ ಇಡೀ ಲೋಕಕ್ಕೆ ಸುಮಾರು 429 ಕೋಟಿ ವಿಳಾಸಗಳಿವೆ. ಅವತ್ತಿಗೆ ಅದು ಎಂದೂ ಮುಗಿಯದ ಕಣಜ ಅನ್ನಿಸಿರಬೇಕು. 1999ರಲ್ಲಿ ಪ್ರಪಂಚದ ಜನಸಂಖ್ಯೆ 600 ಕೋಟಿ ದಾಟಿತು. ತಲೆಗೊಂದು ವಿಳಾಸವೂ ಇಲ್ಲ! ಇದನ್ನು ಮೊದಲೇ ಕಂಡವರು 1990ರ ದಶಕದ ಆರಂಭದಲ್ಲೇ ದಾರಿ ಹುಡುಕಿದರು. 1994ರ ಮೇ ತಿಂಗಳಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬ ಇಬ್ಬರು ಎಂಜಿನಿಯರರು ಒಂದು ಚಿಕ್ಕ ದಾಖಲೆ ಪ್ರಕಟಿಸಿದರು. ಒಳಗಿನ ಜಾಲದಲ್ಲಿ ನಿಮಗೆ ಬೇಕಾದ ವಿಳಾಸ ಇಟ್ಟುಕೊಳ್ಳಿ, ಹೊರಗೆ ಹೋಗುವ ಬಾಗಿಲಲ್ಲಿ ಮಾತ್ರ ಅದನ್ನು ಹೊರಗಿನ ವಿಳಾಸಕ್ಕೆ ಬದಲಾಯಿಸಿಕೊಳ್ಳಿ ಎಂಬುದು ಅದರ ಸಾರ. ಇದು ತಾತ್ಕಾಲಿಕ ಉಪಾಯ, ಕಾಯಂ ಪರಿಹಾರ ಬರುವವರೆಗೆ ಮಾತ್ರ ಎಂದೂ ಅವರು ಬರೆದಿದ್ದರು. ಎರಡು ವರ್ಷದ ನಂತರ, 1996ರ ಫೆಬ್ರವರಿಯಲ್ಲಿ, ಮನೆಯೊಳಗೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ವಿಳಾಸಗಳನ್ನು ಪ್ರತ್ಯೇಕಿಸಿ ನಿಗದಿ ಮಾಡಲಾಯಿತು. ನಿಮ್ಮ ಮನೆಯ ವೈಫೈ ಸೆಟ್ಟಿಂಗ್‌ನಲ್ಲಿ 192.168 ಎಂದು ಶುರುವಾಗುವ ಸಂಖ್ಯೆ ಕಂಡಿದ್ದೀರಲ್ಲ, ಅದು ಆ ಗುಂಪಿನದು. ಜಹೀರಾಬಾದಿನ ಮನೆಯಲ್ಲೂ ಅದೇ ಸಂಖ್ಯೆ, ಮಂಗಳೂರಿನ ಮನೆಯಲ್ಲೂ ಅದೇ. ಹೊಸ್ತಿಲು ದಾಟಿ ಹೊರಗೆ ಹೋಗದ ಕಾರಣ ಜಗಳವಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ “ಅಪ್ಪಿ” ಇರುವ ಹಾಗೆ.

ಬಾಗಿಲಲ್ಲಿ ನಡೆಯುವ ಕೆಲಸವನ್ನು ಹಾಸ್ಟೆಲಿನಲ್ಲಿದ್ದವರಿಗೆ ಬೇಗ ಹೇಳಬಹುದು. ನೂರು ಹುಡುಗರಿಗೆ ಅಂಚೆಯ ವಿಳಾಸ ಒಂದೇ. ಒಬ್ಬ ಹುಡುಗ ಪತ್ರ ಬರೆದು ಕೊಟ್ಟರೆ ವಾರ್ಡನ್ನರು ಅದರ ಮೇಲೆ ಹಾಸ್ಟೆಲಿನ ವಿಳಾಸ ಹಾಕಿ, ಮೂಲೆಯಲ್ಲಿ ಒಂದು ನಂಬರು ಗೀಚಿ, ತಮ್ಮ ವಹಿಯಲ್ಲಿ “ಈ ನಂಬರು ಇಂಥ ಕೋಣೆಯ ಇಂಥ ಹುಡುಗನದು” ಎಂದು ಬರೆದುಕೊಳ್ಳುತ್ತಾರೆ. ಉತ್ತರ ಬಂದಾಗ ಮೂಲೆಯ ನಂಬರು ನೋಡಿ, ವಹಿ ತೆರೆದು, ಆ ಕೋಣೆಗೆ ಕಳಿಸುತ್ತಾರೆ. ಕಂಪ್ಯೂಟರಿನಲ್ಲಿ ಆ ಮೂಲೆಯ ನಂಬರಿಗೆ ಪೋರ್ಟ್ ಎನ್ನುತ್ತಾರೆ, 65,535ರವರೆಗೆ ಇವೆ. ವಹಿಯಲ್ಲಿ ಇಲ್ಲದ ನಂಬರಿಗೆ ಹೊರಗಿನಿಂದ ಪತ್ರ ಬಂದರೆ? ವಾರ್ಡನ್ನರು ಬುಟ್ಟಿಗೆ ಹಾಕುತ್ತಾರೆ. ಹೊರಗೆ ಹೋಗುವುದು ಸುಲಭ, ಹೊರಗಿನಿಂದ ಬರುವುದು ಕಷ್ಟ: ಅದೇ ಪಿ.ಪಿ. ನಂಬರು.

ಈ ವಿದ್ಯೆ ಮನೆಗಳಿಗೆ ಇಳಿದದ್ದು 1999ರ ಮಧ್ಯಭಾಗದಲ್ಲಿ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 98ರ ಎರಡನೇ ಆವೃತ್ತಿಯಲ್ಲಿ “ಇಂಟರ್ನೆಟ್ ಕನೆಕ್ಷನ್ ಶೇರಿಂಗ್” ಎಂಬ ಸೌಲಭ್ಯವನ್ನು ಸೇರಿಸಿತು. ಬೇರೆ ಸಾಫ್ಟ್‌ವೇರ್ ಕೊಳ್ಳುವುದು ತಪ್ಪಿತು. ಮೋಡೆಮ್ ಇರುವ ಕಂಪ್ಯೂಟರಿನಲ್ಲಿ ಅದನ್ನು ಆನ್ ಮಾಡಿದರೆ ಆ ಯಂತ್ರ ತನಗೆ ತಾನೇ 192.168.0.1 ಎಂದು ಹೆಸರಿಟ್ಟುಕೊಂಡು, ಉಳಿದವಕ್ಕೆ .2, .3, .4 ಎಂದು ವಿಳಾಸ ಹಂಚಿ, ವಾರ್ಡನ್ ಕುರ್ಚಿಯಲ್ಲಿ ಕೂರುತ್ತಿತ್ತು. ಮರುವರ್ಷ ವಿಂಡೋಸ್ 2000ದಲ್ಲೂ 2001ರಲ್ಲಿ ಬಂದ ಎಕ್ಸ್‌ಪಿಯಲ್ಲೂ ಅದೇ ಮುಂದುವರಿಯಿತು.

ನಮ್ಮ ರೈಲು ಹಳಿ ನೋಡಿದವರಿಗೆ ಈ ನಕ್ಷೆ ಹೊಸದಲ್ಲ. ಸಿಕಂದರಾಬಾದಿನಿಂದ ಬರುವ ಹಳಿ ವಿಕಾರಾಬಾದ್ ಜಂಕ್ಷನ್‌ನಲ್ಲಿ ಒಡೆಯುತ್ತದೆ. ಒಂದು ಕವಲು ತಾಂಡೂರಿನ ಮೇಲೆ ವಾಡಿಗೆ ಹೋಗುತ್ತದೆ, ನಿಜಾಮರ ಕಾಲದಲ್ಲಿ 1874ರಲ್ಲಿ ತೆರೆದದ್ದು. ಇನ್ನೊಂದು ಜಹೀರಾಬಾದಿನ ಮೇಲೆ ಬೀದರಿಗೆ. ಹೈದರಾಬಾದಿನಿಂದ ರೈಲು ಹತ್ತಿದರೆ ಎರಡೂ ಊರಿನವರಿಗೆ ವಿಕಾರಾಬಾದೇ ಬಾಗಿಲು. ಅಲ್ಲಿ ಸಿಗ್ನಲ್ ಕೆಟ್ಟರೆ ಇಬ್ಬರೂ ನಿಲ್ಲಬೇಕು. ನಾರಾಯಣಖೇಡಕ್ಕೆ ಹಳಿಯೇ ಇಲ್ಲ, ಬಸ್ಸೇ ಗತಿ. ಒಂದು ಮನೆಯ ಜಾಲದಲ್ಲೂ ಹೀಗೊಂದು ನಾರಾಯಣಖೇಡ ಇದ್ದೇ ಇರುತ್ತದೆ: ತಂತಿ ಮುಟ್ಟದ ಕೊನೆಯ ಕೋಣೆ.

ಈಗ ನಮ್ಮ ಮನೆಯ ಮಾತು. ಜಹೀರಾಬಾದಿನಲ್ಲಿ ನಮ್ಮದು ಮತ್ತು ಕಾಕಾನದು ಒಂದೇ ಗೋಡೆಯ ಎರಡು ಮನೆ. ಫೋನ್ ನಮ್ಮ ಪಡಸಾಲೆಯಲ್ಲಿ. ಅಣ್ಣ ಹೈದರಾಬಾದಿನಲ್ಲಿ ಓದುತ್ತಿದ್ದವನು ರಜೆಗೆ ಬಂದಾಗ ಒಂದು ನೆಟ್‌ವರ್ಕ್ ಕಾರ್ಡು ಮತ್ತು ಇಪ್ಪತ್ತು ಮೀಟರ್ ತಂತಿ ತಂದ. ಕಾಕಾನ ಮಗನ ಹಳೆಯ ಕಂಪ್ಯೂಟರಿಗೆ ಇನ್ನೊಂದು ಕಾರ್ಡು. ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸಬೇಕಾದರೆ ಆಗ ಮಾಮೂಲಿ ತಂತಿ ನಡೆಯುತ್ತಿರಲಿಲ್ಲ. ಒಂದು ತುದಿಯಲ್ಲಿ ಕಿತ್ತಳೆ ಜೋಡಿಯನ್ನೂ ಹಸಿರು ಜೋಡಿಯನ್ನೂ ಅದಲುಬದಲು ಮಾಡಬೇಕು, ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಸೇರುವಂತೆ. ಇದಕ್ಕೆ ಕ್ರಾಸ್ಓವರ್ ಎನ್ನುತ್ತಿದ್ದರು. ಮೂರು ಸಲ ತಪ್ಪಿ ನಾಲ್ಕನೇ ಸಲ ಕಾರ್ಡಿನ ಹಸಿರು ದೀಪ ಹತ್ತಿತು. ಗೋಡೆಗೆ ತೂತು ಕೊರೆಯುವಾಗ ಅವ್ವ ಮಾತ್ರ ಒಪ್ಪಿರಲಿಲ್ಲ. “ಇಲಿ ಬರ್ತಾವ” ಅಂದಳು. ಇಲಿ ಬರಲಿಲ್ಲ, ಹಲ್ಲಿ ಬಂತು.

ಲೆಕ್ಕ ನೋಡಿ. 56 ಕಿಲೋಬಿಟ್ ಮೋಡೆಮ್ ಪೂರ್ತಿ ವೇಗದಲ್ಲಿ ಓಡಿದರೂ 5 ಎಂಬಿಯ ಒಂದು ಹಾಡಿಗೆ 12 ನಿಮಿಷ. ಮೂವರು ಮೂರು ಹಾಡು ಇಳಿಸಿಕೊಂಡರೆ ಮೂವರಿಗೂ 36 ನಿಮಿಷ. ಹಂಚಿಕೊಂಡರೆ ಲೈನು ದೊಡ್ಡದಾಗುವುದಿಲ್ಲ. ಆದರೂ ಪತ್ರ ಓದಲು, ಪರೀಕ್ಷೆಯ ಫಲಿತಾಂಶ ನೋಡಲು, ಸಿಇಟಿ ಅರ್ಜಿ ಹುಡುಕಲು ಅದೇ ಸಾಕಿತ್ತು. ಜೀವ ತಿನ್ನುತ್ತಿದ್ದದ್ದು ಬೇರೆ. ಈ ಶೇರಿಂಗ್‌ನಲ್ಲಿ ಒಂದು ಅತಿವಿನಯ ಇತ್ತು: ಒಳಗಿನ ಯಾವ ಕಂಪ್ಯೂಟರ್ ಬೇಡಿದರೂ ಮುಂದಿನ ಕಂಪ್ಯೂಟರ್ ಕೇಳದೆಯೇ ಡಯಲ್ ಮಾಡುತ್ತಿತ್ತು. ಕಾಕಾನ ಮಗ ಅಲ್ಲಿ ಬ್ರೌಸರ್ ತೆರೆದರೆ ಇಲ್ಲಿ ಯಾರೂ ಇಲ್ಲದ ಪಡಸಾಲೆಯಲ್ಲಿ ಮೋಡೆಮ್ ಕಿರ್ರ್ ಅನ್ನುತ್ತಾ ಕೂಗಲು ಶುರು. ಅಜ್ಜಿ ಮೊದಲ ದಿನ ಹೆದರಿದರು. ಫೋನ್ ಎಂಗೇಜ್ ಆಗುತ್ತಿತ್ತು. ಬೀದರಿನಿಂದ ಮಾವ ಸಂಜೆಯಿಡೀ ಪ್ರಯತ್ನಿಸಿ ಮರುದಿನ ಬಸ್ಸಿನಲ್ಲೇ ಬಂದು ಕೂತು, “ನಿಮ್ಮ ಫೋನ್ ಯಾವಾಗಲೂ ಎಂಗೇಜ್ ಬರ್ಲಾಕತ್ತದ, ಏನ್ ವ್ಯಾಪಾರ ಶುರು ಮಾಡೀರಿ?” ಎಂದು ಕೇಳಿದ್ದರು. ಬಿಲ್ಲು ಪಲ್ಸ್ ಲೆಕ್ಕದಲ್ಲಿ ಬರುತ್ತಿತ್ತು. ಆ ಬಿಲ್ಲಿನಲ್ಲಿ ಯಾರು ಎಷ್ಟು ಎಂದು ಬೇರ್ಪಡಿಸುವ ದಾರಿ ಇರಲಿಲ್ಲ. ಅಪ್ಪ ಒಂದು ವಹಿ ಇಟ್ಟರು, ಕುಳಿತ ಹೊತ್ತು ಎದ್ದ ಹೊತ್ತು ಬರೆಯಲು. ಎರಡು ವಾರದಲ್ಲಿ ಆ ವಹಿಯ ಮೇಲೆ ಚಹದ ಲೋಟ ಇಡತೊಡಗಿದರು.

ಮುಂದಿನ ಕಂಪ್ಯೂಟರ್ ಸದಾ ಆನ್ ಇರಬೇಕು ಎಂಬುದು ಇನ್ನೊಂದು ಸಂಕಟ. ರಾತ್ರಿ ಮಲಗುವಾಗ ಅಪ್ಪ ಬಂದ್ ಮಾಡಿದರೆ ಗೋಡೆಯಾಚೆಯಿಂದ “ಕಾಕಾ, ನೆಟ್ ಹೋತು” ಎಂದು ಕೂಗು. ಕರೆಂಟು ಹೋದಾಗ ಯುಪಿಎಸ್ ಪೀಪೀ ಅನ್ನುತ್ತಾ ಹತ್ತು ನಿಮಿಷ ತಾಳುತ್ತಿತ್ತು. ಪರದೆ ನೀಲಿಯಾಗಿ ನಿಂತರೆ ಎರಡೂ ಮನೆ ನಿಂತಂತೆ. ಒಮ್ಮೆ ಉಮೇದಿನಲ್ಲಿ ಮೂರನೇ ಮನೆಗೂ ಮಾಳಿಗೆಯ ಮೇಲಿಂದ ತಂತಿ ಎಳೆದೆವು. ನೂರು ಮೀಟರ್ ಒಳಗಿದ್ದರೆ ನಡೆಯುತ್ತದೆ ಎಂಬುದು ನಿಯಮ, ನಮ್ಮದು ನಲವತ್ತು ಇತ್ತು. ಮೇ ತಿಂಗಳ ಗುಡುಗು ಮಳೆಗೆ ನಿಯಮ ಗೊತ್ತಿರಲಿಲ್ಲ. ಒಂದೇ ಸಿಡಿಲಿಗೆ ಎರಡು ಕಾರ್ಡು, ಒಂದು ಮೋಡೆಮ್ ಸುಟ್ಟವು. ಮಾಳಿಗೆಯ ಮೇಲೆ ತಂತಿ ಎಳೆದದ್ದು ನಮ್ಮದೇ ತಪ್ಪು, ಬೇರೆ ಯಾರನ್ನೂ ದೂರುವಂತಿರಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಏನು ಓದುತ್ತಿದ್ದೆವು? ಗಡಿಯಾಚೆ ಉಳಿದ ನಮ್ಮಂಥವರಿಗೆ ಕನ್ನಡದ ಪತ್ರಿಕೆ ಬೀದರಿನಿಂದ ಬಸ್ಸಿನಲ್ಲಿ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಜಾಲದಲ್ಲಿ ಕನ್ನಡ ಓದಬಹುದೆಂದು ಗೊತ್ತಾದಾಗ ಕಾಕಾ ನಿಜವಾಗಿ ಕುರ್ಚಿ ಎಳೆದುಕೊಂಡು ಕೂತರು. ಅದಕ್ಕೂ ಒಂದು ಅಡ್ಡಿ. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸಲು ಬರುತ್ತಿರಲಿಲ್ಲ, ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಒಂದೊಂದು ತಾಣಕ್ಕೆ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕು. ಬರೆಯಲು 1998ರಲ್ಲಿ ಬಂದ ಬರಹ ತಂತ್ರಾಂಶ ಇತ್ತು. ಎಕ್ಸ್‌ಪಿಯಲ್ಲಿ ಕನ್ನಡದ ಬೆಂಬಲ ಮತ್ತು ತುಂಗಾ ಫಾಂಟ್ ಬಂದ ಮೇಲೆ ಡಬ್ಬಿಗಳು ಅಕ್ಷರಗಳಾದವು. ವಿಚಿತ್ರ ನೋಡಿ: ನಮ್ಮ ಬಾಗಿಲ ಕಂಪ್ಯೂಟರಿನಲ್ಲಿ 98 ಇತ್ತು, ಕಾಕಾನ ಮಗನ ಹೊಸ ಕಂಪ್ಯೂಟರಿನಲ್ಲಿ ಎಕ್ಸ್‌ಪಿ. ಯಾವ ಯಂತ್ರ ಕನ್ನಡವನ್ನು ಮನೆಗೆ ತರುತ್ತಿತ್ತೋ ಅದಕ್ಕೆ ಓದಲು ಬರುತ್ತಿರಲಿಲ್ಲ, ಅದು ತಂದದ್ದನ್ನು ಗೋಡೆಯಾಚೆಯ ಯಂತ್ರ ಓದುತ್ತಿತ್ತು. ಅಕ್ಷರ ಬಾರದ ಅಂಚೆಯಣ್ಣ!

ಹೊರಗಿನಿಂದ ಬರುವ ಕರೆಯ ತೊಂದರೆಯೂ ಆ ದಿನಗಳಲ್ಲೇ ಅರ್ಥವಾಯಿತು. ಕುವೈತಿನಲ್ಲಿದ್ದ ಬಂಧುವೊಬ್ಬರು ಕಂಪ್ಯೂಟರಿನಲ್ಲಿ ಮಾತನಾಡೋಣ ಅಂದರೆ ನಮ್ಮ ಪಡಸಾಲೆಗೆ ಧ್ವನಿ ಬರುತ್ತಿತ್ತು, ಕಾಕಾನ ಕೋಣೆಗೆ ಇಲ್ಲ. ವಾರ್ಡನ್ನರ ವಹಿಯಲ್ಲಿ ಅದು ದಾಖಲಾಗಿರುತ್ತಿರಲಿಲ್ಲವಲ್ಲ. 2003ರಲ್ಲಿ ಸ್ಕೈಪ್ ಬಂತು. ಇಂಥ ಬಾಗಿಲುಗಳನ್ನು ದಾಟುವ ಜಾಣತನವೇ ಅದನ್ನು ಮನೆಮಾತು ಮಾಡಿತು. ಒಳಗಿನ ಯಂತ್ರವೇ ಮೊದಲು ಹೊರಗೆ ಹೋಗಿ ಬಾಗಿಲು ತೆರೆದಿಟ್ಟುಕೊಂಡು ಕೂರುತ್ತದೆ, ಕರೆ ಬಂದಾಗ ಆ ತೆರೆದ ಬಾಗಿಲಿನಿಂದಲೇ ಒಳಗೆ ಬರುತ್ತದೆ. ಅತ್ತಿ ಫೋನ್ ಬರುವ ಹೊತ್ತಿಗೆ ಪಕ್ಕದ ಮನೆಗೆ ಮೊದಲೇ ಹೋಗಿ ಕೂತಂತೆ.

2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಬ್ರಾಡ್‌ಬ್ಯಾಂಡ್ ನೀತಿ ತಂದು, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದಿತು. ಈಗ ಕೇಳಿದರೆ ನೀವು ನಗುತ್ತೀರಿ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬಂತು. ಮಾತಿನ ಲೈನಿನ ಮೇಲೆಯೇ ಓಡುತ್ತದೆ, ಆದರೆ ಫೋನ್ ಎಂಗೇಜ್ ಆಗುವುದಿಲ್ಲ. ಮಾವನಿಗೆ ಇದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ. ಮೋಡೆಮ್‌ಗೆ ಸಾಮಾನ್ಯವಾಗಿ ಒಂದೇ ತಂತಿಯ ಜಾಗ, ಆದ್ದರಿಂದ ಬಾಗಿಲ ಕಂಪ್ಯೂಟರಿಗೆ ಎರಡು ಕಾರ್ಡು ಹಾಕಿ, ಒಂದಕ್ಕೆ ಮೋಡೆಮ್, ಇನ್ನೊಂದಕ್ಕೆ ಮನೆ ಎಂದು ಹಳೆಯ ಶೇರಿಂಗನ್ನೇ ಮುಂದುವರಿಸಿದವರು ಬಹಳ ಮಂದಿ. ಕೆಲವು ಪ್ಲಾನ್‌ಗಳಲ್ಲಿ ಹಗಲು ಇಷ್ಟೇ ಎಂಬ ಮಿತಿ, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ. ಎಷ್ಟೋ ಮನೆಗಳಲ್ಲಿ ಹುಡುಗರು 2ಕ್ಕೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮತ್ತೆ ಮಲಗುತ್ತಿದ್ದರು. ಪರೀಕ್ಷೆಗೆ ಓದಲು ಹಾಗೆ ಎದ್ದವರನ್ನು ನಾನು ಕಂಡಿದ್ದು ಕಡಿಮೆ.

ಒಂದು ವಿಳಾಸದ ಹಿಂದೆ ಹಲವರು ಇರುವುದರಲ್ಲಿ ಭಯವೂ ಇದೆ. ಹೊರಗಿನ ಲೋಕಕ್ಕೆ ಆ ಮನೆಯವರೆಲ್ಲ ಒಬ್ಬರೇ. 2008ರ ಜುಲೈಯಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಮುಂಚೆ ಕಳಿಸಿದ ಬೆದರಿಕೆ ಇಮೇಲ್‌ನ ವಿಳಾಸ ಹಿಡಿದು ಹೋದ ಪೊಲೀಸರು ಮುಟ್ಟಿದ್ದು ನವಿ ಮುಂಬೈಯಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ನನ ಮನೆಯನ್ನು. ಅವನ ವೈಫೈಯನ್ನು ಬೇರೆಯವರು ಬಳಸಿಕೊಂಡಿದ್ದರು. ಆ ಸುದ್ದಿ ಬಂದ ಮೇಲೆ ವೈಫೈಗೆ ಪಾಸ್‌ವರ್ಡ್ ಹಾಕುವುದನ್ನು ಜನ ಗಂಭೀರವಾಗಿ ತೆಗೆದುಕೊಂಡರು. 2011ರ ಏಪ್ರಿಲ್‌ನಲ್ಲಿ ಸೈಬರ್ ಕೆಫೆಗಳಿಗೆ ನಿಯಮ ಬಂತು: ಬಂದವರ ಗುರುತಿನ ಚೀಟಿ ನೋಡಬೇಕು, ಯಾರು ಯಾವ ಕಂಪ್ಯೂಟರಿನಲ್ಲಿ ಎಷ್ಟು ಹೊತ್ತು ಕೂತರು ಎಂಬ ದಾಖಲೆಯನ್ನು ಒಂದು ವರ್ಷ ಇಡಬೇಕು. ಅಪ್ಪನ ಚಹದ ಲೋಟದ ಕೆಳಗಿನ ವಹಿ ಕೊನೆಗೂ ಕಾನೂನಾಯಿತು ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡಿದೆವು. ಹಾಟ್‌ಸ್ಪಾಟ್ ಕೇಳುವ ಹುಡುಗರಿಗೆ ನಾನು ಪಾಸ್‌ವರ್ಡ್ ಹೇಳುವುದಿಲ್ಲ, ನಾನೇ ಟೈಪ್ ಮಾಡಿಕೊಡುತ್ತೇನೆ. ಜಿಪುಣತನ ಅಂದುಕೊಳ್ಳಬೇಡಿ.

ನಡುವೆ ಇನ್ನೊಂದು ಹಂಚಿಕೆಯನ್ನು ಹೇಳದಿದ್ದರೆ ನಮ್ಮ ಕಡೆಯ ಚರಿತ್ರೆ ಪೂರ್ತಿಯಾಗದು. ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಶುರುವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ನಡೆಸುವ ಸಮುದಾಯ ಬಾನುಲಿ, ಹಳ್ಳಿಯ ಹೆಣ್ಣುಮಕ್ಕಳೇ ಕಟ್ಟಿ ನಡೆಸಿದ್ದರಲ್ಲಿ ದೇಶದಲ್ಲೇ ಮೊದಲ ಸಾಲಿನದು. ನವಣೆ, ಸಜ್ಜೆ, ಬೀಜ, ಹಬ್ಬ, ಹಾಡು ಎಲ್ಲವೂ ಅದರಲ್ಲಿ ಬರುತ್ತವೆ. ರೇಡಿಯೋದಲ್ಲಿ ಹಂಚಿಕೆ ಎಷ್ಟು ಸಲೀಸು! ಒಂದು ಕಂಬದಿಂದ ಮಾತು ಹೊರಟರೆ ಹತ್ತು ಜನ ಕೇಳಿದರೂ ಹತ್ತು ಸಾವಿರ ಜನ ಕೇಳಿದರೂ ಧ್ವನಿ ಸಣ್ಣದಾಗುವುದಿಲ್ಲ. ವಿಳಾಸವೂ ಬೇಡ, ವಹಿಯೂ ಬೇಡ. ಇಂಟರ್ನೆಟ್ಟಿನಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಕೇಳುತ್ತಾರೆ, ಪ್ರತಿಯೊಬ್ಬರಿಗೂ ಬೇರೆ ಉತ್ತರ ಬರಬೇಕು, ಅದಕ್ಕೇ ಬಾಗಿಲಲ್ಲಿ ಇಷ್ಟು ಗದ್ದಲ.

ಆಮೇಲಿನದು ನಿಮಗೆ ಗೊತ್ತಿರುವುದೇ. ಯುಎಸ್‌ಬಿ ಡಾಂಗಲ್ ಬಂತು, ವಿಂಡೋಸ್ 7 ಇದ್ದ ಲ್ಯಾಪ್‌ಟಾಪಿಗೆ ಅದನ್ನು ಚುಚ್ಚಿ ಲ್ಯಾಪ್‌ಟಾಪನ್ನೇ ವೈಫೈ ಮಾಡಿಕೊಂಡೆವು. 2010ರಲ್ಲಿ ಆಂಡ್ರಾಯ್ಡ್ ಫೋನಿನಲ್ಲೇ ಹಾಟ್‌ಸ್ಪಾಟ್ ಬಂತು. ಬಾಗಿಲ ಕಂಪ್ಯೂಟರಿನ ಕೆಲಸವನ್ನು ಈಗ ಫೋನೇ ಮಾಡುತ್ತದೆ: ಅದೇ ವೇಷ, ಅದೇ ವಹಿ. ಗಡಿಯ ಗೋಳು ಇನ್ನಷ್ಟು ವರ್ಷ ಇತ್ತು. ಬೀದರಿನ ಕಡೆ ಹೊರಟರೆ ದಾರಿಯಲ್ಲಿ ಫೋನು ಕರ್ನಾಟಕದ ಟವರ್ ಹಿಡಿದು ರೋಮಿಂಗ್ ಹತ್ತುತ್ತಿತ್ತು. 2015ರ ಜೂನ್ 15ರಿಂದ ಬಿಎಸ್‌ಎನ್‌ಎಲ್ ದೇಶದಾದ್ಯಂತ ರೋಮಿಂಗಿನಲ್ಲಿ ಬರುವ ಕರೆಗಳಿಗೆ ದುಡ್ಡು ಹಿಡಿಯುವುದನ್ನು ನಿಲ್ಲಿಸಿತು. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಡೇಟಾದ ಬೆಲೆ ಕುಸಿಯಿತು, ಹಂಚಿಕೊಳ್ಳುವ ಅಗತ್ಯವೇ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ ಎಂದು 2020 ತೋರಿಸಿತು. ಶಾಲೆಗಳು ಮುಚ್ಚಿದವು. ತೆಲಂಗಾಣದಲ್ಲಿ ಸೆಪ್ಟೆಂಬರ್ 1ರಿಂದ ಸರ್ಕಾರಿ ಶಾಲೆಗಳ ಪಾಠ ದೂರದರ್ಶನದ ಯಾದಗಿರಿ ವಾಹಿನಿ ಮತ್ತು ಟಿ-ಸ್ಯಾಟ್ ಮೂಲಕ ಬರತೊಡಗಿತು, ಖಾಸಗಿ ಶಾಲೆಗಳದ್ದು ಫೋನಿನಲ್ಲಿ. ಮನೆಯಲ್ಲಿ ಮೂರು ಮಕ್ಕಳು, ಡೇಟಾ ಇರುವುದು ಅಪ್ಪನ ಒಂದು ಫೋನಿನಲ್ಲಿ, ಅಪ್ಪ ಕೆಲಸಕ್ಕೆ ಹೋಗಬೇಕು. ಅಪ್ಪ ಹೊಸ್ತಿಲು ದಾಟಿದರೆ ತರಗತಿ ಬಂದ್. ನಮ್ಮ ಓಣಿಯಲ್ಲಿ ಒಬ್ಬ ತಾಯಿ ತನ್ನ ಮಕ್ಕಳ ಜೊತೆ ಪಕ್ಕದ ಮನೆಯ ಇಬ್ಬರನ್ನೂ ಕೂರಿಸಿಕೊಂಡು, ತನ್ನ ಫೋನಿನ ಹಾಟ್‌ಸ್ಪಾಟನ್ನು ಕಿಟಕಿಯಲ್ಲಿಟ್ಟು ಒಂದು ವರ್ಷ ಕಳೆದರು. ದಿನದ ಡೇಟಾ ಮುಗಿದರೆ ಪಕ್ಕದ ಮನೆಯವರ ಸರದಿ. ಯಾರೂ ಅದಕ್ಕೆ ಹೆಸರಿಡಲಿಲ್ಲ. ನನಗೆ ಮಾತ್ರ ಲಗ್ನಪತ್ರಿಕೆಯ ಆ ಎರಡು ಅಕ್ಷರ ನೆನಪಾಗುತ್ತಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿರಾಣಿ ಅಂಗಡಿಯವರೂ ವೈಫೈ ಮಾರಬಹುದಾದ ಪಿಎಂ-ವಾಣಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಂಥ ಅಂಗಡಿಗೆ ಇಟ್ಟ ಹೆಸರು ಪಬ್ಲಿಕ್ ಡೇಟಾ ಆಫೀಸ್, ಪಿಸಿಓ ಹೋಗಿ ಪಿಡಿಓ.

ಎಗೆವಾಂಗ್ ಮತ್ತು ಫ್ರಾನ್ಸಿಸ್ ಹೇಳಿದ ಆ ತಾತ್ಕಾಲಿಕ ಉಪಾಯ ಏನಾಯಿತು? 2011ರ ಫೆಬ್ರವರಿ 3ರಂದು ಹಳೆಯ ವಿಳಾಸಗಳ ಜಾಗತಿಕ ಕಣಜ ಖಾಲಿಯಾಯಿತು. ಕೊನೆಯ ಐದು ಗಂಟುಗಳನ್ನು ಐದು ಖಂಡಗಳ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಿಬಿಟ್ಟರು. ಕಾಯಂ ಪರಿಹಾರವಾದ ಐಪಿ ಆರನೇ ಆವೃತ್ತಿ ನಮ್ಮ ದೇಶದ ಮೊಬೈಲ್‌ಗಳಲ್ಲಿ ಚೆನ್ನಾಗಿ ಹರಡಿದೆ, ಅರ್ಧಕ್ಕಿಂತ ಹೆಚ್ಚು ಬಳಕೆದಾರರಲ್ಲಿ ಅದು ಇದೆ. ಆದರೂ ಹಳೆಯ ತಾಣಗಳಿಗೆ ಹೋಗಲು ವೇಷ ಬೇಕು. ಈಗ ಕಂಪನಿಗಳೇ ಹಲವು ಗ್ರಾಹಕರನ್ನು ಒಂದು ವಿಳಾಸದ ಹಿಂದೆ ನಿಲ್ಲಿಸುತ್ತವೆ. ಮನೆಯಲ್ಲಿ ಒಂದು ವಾರ್ಡನ್, ಕಂಪನಿಯಲ್ಲಿ ಇನ್ನೊಬ್ಬ ದೊಡ್ಡ ವಾರ್ಡನ್. ಎರಡು ಕಂಪ್ಯೂಟರ್‌ಗಳ ನಡುವೆ ತಂತಿ ಎಳೆದ ನಾವು ಮಾಡಿದ್ದನ್ನೇ ಅವರು ಲಕ್ಷಗಟ್ಟಲೆ ಜನರಿಗೆ ಮಾಡುತ್ತಿದ್ದಾರೆ.

ನಮ್ಮ ಬಾಗಿಲ ಕಂಪ್ಯೂಟರನ್ನು ಹಳೆ ಸಾಮಾನಿನವನಿಗೆ ಕೊಟ್ಟು ಬಹಳ ವರ್ಷವಾಯಿತು. ಹೋದ ವರ್ಷ ಓಣಿಗೆ ಫೈಬರ್ ಬಂದಾಗ ತಂತಿ ಮೊದಲು ಮುಟ್ಟಿದ್ದು ಕಾಕಾನ ಮನೆಯನ್ನು, ರೂಟರ್ ಅವರ ಪಡಸಾಲೆಯಲ್ಲಿ ಕೂತಿತು. ನಡುವಿನ ಗೋಡೆ ದಪ್ಪ, ತಾಂಡೂರಿನ ಕಲ್ಲಿನದು. ವೈಫೈ ದಾಟುವುದಿಲ್ಲ. ಕಾಕಾನ ಮಗ ಬಂದು ಹಳೆಯ ತೂತಿನಲ್ಲಿ ತುರುಕಿದ್ದ ಬಟ್ಟೆ ತೆಗೆದು, ಅತ್ತಲಿಂದ ಇತ್ತ ಒಂದು ತಂತಿ ತೂರಿಸಿದ. ಈಗ ಅವರು ಊರಿಗೆ ಹೋಗುವಾಗ ಮೇನ್ ಸ್ವಿಚ್ ಬಂದ್ ಮಾಡಿದರೆ ಅವ್ವ ಗೋಡೆ ಬಡಿಯುತ್ತಾಳೆ: “ಏ ತಮ್ಮಾ, ನೆಟ್ ಹೋತು ನೋಡೋ.”